ತೊಡೆ ಬಿಟ್ಟು ಮೇಜಿಗೆ: ಬುಂದಿ ಜೊತೆ ಹುಬ್ಬಳ್ಳಿ ಡಾಗ್ ಷೋಗೆ

ಗುರುವಾರ, ಹಾವೇರಿಯಿಂದ ಹುಬ್ಬಳ್ಳಿ

ಡಿಸೆಂಬರ್ ಇದ್ದರೂ ಹನ್ನೊಂದರ ಹೊತ್ತಿಗೆ ನಮ್ಮ ಕಡೆ ಕಾರಿನ ಸೀಟು ಕಾಯಲು ಶುರುವಾಗುತ್ತದೆ. ಪಗ್ ನಾಯಿಗೆ ಅದು ಆಗಿಬರುವುದಿಲ್ಲ. ನಾಯಿಗಳು ಮೈ ತಣ್ಣಗೆ ಮಾಡಿಕೊಳ್ಳುವುದೇ ನಾಲಿಗೆ ಹೊರಹಾಕಿ ಏದುಸಿರು ಬಿಟ್ಟು. ಮೊಂಡು ಮೂಗಿನ ಪಗ್‌ಗೆ ಆ ಕೆಲಸವೇ ಕಷ್ಟ. ಹಾಗಾಗಿ ಬೆಳಿಗ್ಗೆ ಆರಕ್ಕೇ ಹಾವೇರಿ ಬಿಟ್ಟೆವು. ಮುಂದೆ ನಾನು, ಪಕ್ಕದಲ್ಲಿ ತಮ್ಮನ ಮಗಳು, ಹಿಂದಿನ ಸೀಟಿನ ಮೇಲೆ ಕ್ರೇಟಿನೊಳಗೆ ಬುಂದಿ.

ಬುಂದಿ ಏಳು ತಿಂಗಳ ಹೆಣ್ಣು ಮರಿ. ಫಾನ್ ಅನ್ನುವ ತಿಳಿ ಕಂದು ಬಣ್ಣದ ಮೈ, ಕಪ್ಪು ಮುಖ, ಸೊಂಟದ ಮೇಲೆ ಸುತ್ತಿಕೊಂಡ ಬಾಲ. ಇವಳನ್ನು ಭಾನುವಾರದ ಹುಬ್ಬಳ್ಳಿ ಡಾಗ್ ಷೋದಲ್ಲಿ ನಿಲ್ಲಿಸಬೇಕು ಅನ್ನುವುದು ಹುಡುಗಿಯ ಹಟ. ಕಾಲೇಜಿಗೆ ರಜೆ. ನನಗೂ ಅಂಗಡಿಯಿಂದ ನಾಲ್ಕು ದಿನ ಹೊರಗೆ ಬರಲು ಒಂದು ನೆಪ ಬೇಕಿತ್ತು. ತಮ್ಮ ಮಾತ್ರ, "ನಾಯಿ ತಗೊಂಡು ಪರೀಕ್ಷಾಕ್ಕ ಹೊಂಟೀರೇನು?" ಅಂತ ನಕ್ಕ.

ನಮ್ಮ ಓಣಿಯಲ್ಲಿ ಬುಂದಿಯನ್ನು ಯಾರೂ ಪಗ್ ಅನ್ನುವುದಿಲ್ಲ. 'ಹಚ್ ನಾಯಿ' ಅನ್ನುತ್ತಾರೆ. 2003ರಲ್ಲಿ ಟಿವಿಯಲ್ಲಿ ಒಬ್ಬ ಪುಟ್ಟ ಹುಡುಗನ ಹಿಂದೆ ಹಿಂದೆ ಓಡುತ್ತಿದ್ದ ಆ ಫೋನ್ ಕಂಪನಿ ನಾಯಿಯ ನೆನಪು ಇನ್ನೂ ಹೋಗಿಲ್ಲ. ಆ ಜಾಹೀರಾತು ಬಂದ ಮೇಲೆ ಎಲ್ಲರಿಗೂ ಪಗ್ ಬೇಕಾಯಿತು. ಬೇಡಿಕೆ ಬಂದಲ್ಲಿ ಮಾರುವವರೂ ಹುಟ್ಟುತ್ತಾರೆ, ಅಲ್ವಾ? "ಪ್ಯೂರ್ ಬ್ರೀಡ್ ರೀ, ಕಣ್ಣ್ ಮುಚ್ಚಿ ತಗೊಳ್ರಿ" ಅಂತ ಮಾರುವ ಮರಿಗಳಲ್ಲಿ ಬಹಳಷ್ಟಕ್ಕೆ ಕಾಗದವೇ ಇರುವುದಿಲ್ಲ. ಮನೆಯಲ್ಲಿ ಸಾಕಲು ಕಾಗದ ಯಾಕೆ ಬೇಕು, ಬೇಡ. ಷೋಗೆ ಬೇಕು. ಕೆನಲ್ ಕ್ಲಬ್ ಆಫ್ ಇಂಡಿಯಾ, ಎಲ್ಲರೂ ಕರೆಯುವಂತೆ ಕೆಸಿಐ, ಕೊಡುವ ನೋಂದಣಿ ಪತ್ರದಲ್ಲಿ ಮರಿಯ ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಮುತ್ತಜ್ಜರ ತನಕ ಮೂರು ತಲೆಮಾರು ಇರುತ್ತದೆ. ಜೊತೆಗೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಮೈಕ್ರೋಚಿಪ್, ಅದರ ಹದಿನೈದು ಅಂಕಿಯ ನಂಬರು. ನಮ್ಮ ಮದುವೆ ಮಾತುಕತೆಯಲ್ಲೂ ಇಷ್ಟು ಹಿಂದಕ್ಕೆ ಕೇಳುವುದಿಲ್ಲ.

ಬುಂದಿಯನ್ನು ತರುವಾಗ ಹುಡುಗಿ ಇದೆಲ್ಲ ನೋಡಿಯೇ ತಂದಿದ್ದಳು. ಮಾಲೀಕರ ಹೆಸರು ಬದಲಾಯಿಸುವ ಅರ್ಜಿಗೂ ಅಲ್ಲೇ ಸಹಿ ಹಾಕಿಸಿಕೊಂಡಿದ್ದಳು. ಷೋದ ಎಂಟ್ರಿ ಫಾರಂ ಕೂಡ ಮೊದಲೇ ಕಳಿಸಿ ಆಗಿತ್ತು. ಕೊನೆ ದಿನ ದಾಟಿದರೆ ಮೈದಾನದಲ್ಲಿ ದುಡ್ಡು ಕೊಟ್ಟರೂ ಹೆಸರು ಸೇರುವುದಿಲ್ಲ, ಯಾಕಂದರೆ ಆ ಹೊತ್ತಿಗೆ ನಾಯಿಗಳ ಪಟ್ಟಿ ಅಚ್ಚಿಗೆ ಹೋಗಿರುತ್ತದೆ.

ಬಂಕಾಪುರ, ಶಿಗ್ಗಾವಿ ದಾಟಿ ತಡಸದ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಬುಂದಿಗೆ ನೀರು, ಒಂದು ಸುತ್ತು ಅಡ್ಡಾಟ, ಮತ್ತೆ ಕ್ರೇಟು. ಎಂಟರೊಳಗೆ ವಿದ್ಯಾನಗರದ ಅಕ್ಕನ ಮನೆ.

ಅಕ್ಕನಿಗೆ ಪ್ರಾಣಿ ಅಂದರೆ ಜೀವ. ಬಾಗಿಲಲ್ಲೇ ಬುಂದಿಯನ್ನು ಎತ್ತಿಕೊಂಡವಳು ಊಟದ ಹೊತ್ತಿನ ತನಕ ಕೆಳಗೆ ಬಿಡಲಿಲ್ಲ. ಷೋದಲ್ಲಿ ಜಡ್ಜ್ ಸಣ್ಣ ನಾಯಿಯನ್ನು ನೋಡುವುದು ಮೇಜಿನ ಮೇಲೆ. ಹಾಗಾಗಿ ಹುಡುಗಿ ಮೇಜಿನ ಮೇಲೆ ಚಾಪೆ ಹಾಸಿ ಬುಂದಿಯನ್ನು ನಿಲ್ಲಿಸುವ ಅಭ್ಯಾಸ ಶುರು ಮಾಡಿದಾಗ ಅಕ್ಕನಿಗೆ ಸಿಟ್ಟೇ ಬಂತು. "ಸಣ್ಣ ಕೂಸು ಅದು. ಮ್ಯಾಜಿನ ಮ್ಯಾಲ ಯಾಕ ನಿಂದ್ರಸ್ತಿ? ಕೊಡಿಲ್ಲೆ, ತೊಡಿ ಮ್ಯಾಲ ಕುಂದ್ರಲಿ." ಬುಂದಿಯೂ ಅಕ್ಕನ ಕಡೆಯೇ. ಮೇಜಿನ ಮೇಲಿಂದ ಅವಳ ಸೆರಗಿನತ್ತ ಕತ್ತು ಚಾಚಿ ನಿಲ್ಲುತ್ತಿತ್ತು, ಕಾಲು ಒಂದೊಂದು ದಿಕ್ಕಿಗೆ.

ಇನ್ನೊಂದು ತಾಪತ್ರಯ ಅಡುಗೆಮನೆಯದು. ರಿಂಗಿನಲ್ಲಿ, ಅಂದರೆ ಜಡ್ಜ್ ಮುಂದೆ ನಾಯಿ ತೋರಿಸುವ ಜಾಗದಲ್ಲಿ, ಅದರ ಗಮನ ಹಿಡಿದಿಡಲು ಎಲ್ಲರೂ ಬೇಯಿಸಿದ ಕೋಳಿ ಲಿವರ್ ಚೂರು ಕೈಯಲ್ಲಿ ಇಟ್ಟುಕೊಳ್ಳುತ್ತಾರೆ. ಅಕ್ಕನ ಮನೆಯಲ್ಲಿ ಉಳ್ಳಾಗಡ್ಡಿಯನ್ನೂ ಶ್ರಾವಣದಲ್ಲಿ ಒಳಗೆ ಬಿಡುವುದಿಲ್ಲ. ಲಿವರ್ ಮಾತು ಎತ್ತುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಪನೀರ್ ಸಣ್ಣಗೆ ಹೆಚ್ಚಿ ಕಾವಲಿಯ ಮೇಲೆ ಒಣಗಿಸಿದೆವು. ಬುಂದಿಗೇನೂ ತಕರಾರಿಲ್ಲ.

ಶುಕ್ರವಾರ, ಧಾರವಾಡ

ಧಾರವಾಡದ ಸಪ್ತಾಪುರದಲ್ಲಿ ಒಬ್ಬ ಕಾಕಾ ಇದ್ದಾರೆ. ನಮ್ಮ ಸಂಬಂಧಿಕರಲ್ಲ, ಆದರೆ ಸಣ್ಣ ನಾಯಿಗಳ ಷೋಗೆ ಹೊಸದಾಗಿ ಇಳಿಯುವವರಿಗೆಲ್ಲ ಅವರು ಕಾಕಾನೇ. ಬ್ಯಾಂಕಿನಿಂದ ರಿಟೈರ್ ಆದವರು. ಒಂದು ಕಾಲಕ್ಕೆ ಪಗ್, ಆಮೇಲೆ ಚಿವಾವಾ ಸಾಕಿದವರು. ಈಗ ಮನೆಯಲ್ಲಿ ಒಂದು ಮುದಿ ಪಗ್ ಮಾತ್ರ, ಅದೂ ದಿನವೆಲ್ಲ ಗೊರಕೆ.

ಉಣಕಲ್, ನವನಗರ, ಸತ್ತೂರು ದಾಟಿ ಹೋಗುವಷ್ಟರಲ್ಲಿ ಪಕ್ಕದ ಲೇನಿನಲ್ಲಿ ಚಿಗರಿ ಬಸ್ಸುಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಲೇ ಇದ್ದವು. ಕಾಕಾ ಅಂಗಳದಲ್ಲಿ ಮಡಚುವ ಮೇಜು ಹಾಕಿಕೊಂಡು ಕಾಯುತ್ತಿದ್ದರು. ಮೇಜಿನ ಮೇಲೆ ಜಾರದ ರಬ್ಬರ್ ಮ್ಯಾಟು.

ಮೊದಲು ಒಂದಿಷ್ಟು ಪಾಠ. ಟಾಯ್ ನಾಯಿ ಅಂದರೆ ಸಣ್ಣ ನಾಯಿ ಎಲ್ಲವೂ ಒಂದೇ ಗುಂಪು ಅಂದುಕೊಂಡಿದ್ದೆ. ಹಾಗಿಲ್ಲವಂತೆ. ಕೆಸಿಐ ನಡೆಯುವುದು ಬೆಲ್ಜಿಯಂನಲ್ಲಿರುವ ಎಫ್‌ಸಿಐ ಅನ್ನುವ ಅಂತರರಾಷ್ಟ್ರೀಯ ನಾಯಿ ಸಂಸ್ಥೆಯ ವಿಂಗಡಣೆಯಂತೆ. ಅದರಲ್ಲಿ ಹತ್ತು ಗುಂಪು. ಪಗ್, ಶಿಟ್ಸು, ಚಿವಾವಾ, ಮಾಲ್ಟೀಸ್, ಪೆಕಿನೀಸ್ ಒಂಬತ್ತನೇ ಗುಂಪು. ಮಿನಿಯೇಚರ್ ಪಿನ್ಷರ್ ಎಷ್ಟು ಪುಟ್ಟದಿದ್ದರೂ ಎರಡನೇ ಗುಂಪಿಗೆ, ಡಾಬರ್‌ಮನ್ ಜೊತೆಗೆ. ಯಾರ್ಕ್‌ಷೈರ್ ಟೆರಿಯರ್ ಮೂರನೆಯದಕ್ಕೆ. ಪಾಮೇರಿಯನ್ ಐದನೆಯದಕ್ಕೆ, ಹಿಮದ ನಾಡಿನ ಹಸ್ಕಿ ಜೊತೆಗೆ.

"ಪಾಮೇರಿಯನ್ ವಿಷಯಾನ ಬ್ಯಾರೆ" ಅಂದರು ಕಾಕಾ. "ಅರ್ಧ ಹುಬ್ಬಳ್ಳಿ ಮಂದಿ ನಮ್ಮ ಮನ್ಯಾಗ ಪಾಮೇರಿಯನ್ ಐತಿ ಅಂತಾರ. ಬೆಳ್ಳಗ, ಮೂತಿ ಚೂಪು, ಗೇಟಿನ ಹತ್ರ ಬೊಗಳೂದು. ಅವೆಲ್ಲಾ ಇಂಡಿಯನ್ ಸ್ಪಿಟ್ಜ್. ಖರೇ ಪಾಮೇರಿಯನ್ ಹೆಚ್ಚೂಕಡಿಮಿ ಒಂದು ಗೇಣು ಎತ್ತರ ಅಷ್ಟ." ಇಂಡಿಯನ್ ಸ್ಪಿಟ್ಜ್ ಒಳ್ಳೆಯ ನಾಯಿಯೇ, ನಮ್ಮ ಬಿಸಿಲಿಗೆ ಪಗ್‌ಗಿಂತ ಎಷ್ಟೋ ಗಟ್ಟಿ. ಆದರೆ ಅದನ್ನು ಪಾಮೇರಿಯನ್ ಕ್ಲಾಸಿಗೆ ತಂದು ನಿಲ್ಲಿಸಿದರೆ ಜಡ್ಜ್ ಹೊರಗೆ ಕಳಿಸುತ್ತಾರೆ. ಅಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರಂತೆ, ಆಮೇಲೆ ಗೇಟಿನ ಹತ್ತಿರ ಜಗಳ.

ಡಾಗ್ ಷೋ ಶುರುವಾದದ್ದೇ ಬೇಟೆನಾಯಿಗಳಿಂದ. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದ ಮೊದಲ ಷೋದಲ್ಲಿ ಪಾಯಿಂಟರ್, ಸೆಟರ್ ಎರಡೇ ಜಾತಿ. ತೊಡೆಯ ಮೇಲಿನ ನಾಯಿಗಳನ್ನು ಆಗ ಯಾರೂ ಗಣನೆಗೆ ತಗೊಂಡಿರಲಿಲ್ಲ. 1883ರ ಹೊತ್ತಿಗೆ ಪಗ್ ಸಾಕುವವರು ಅಲ್ಲಿ ತಮ್ಮದೇ ಕ್ಲಬ್ ಕಟ್ಟಿಕೊಂಡರು. ದೊಡ್ಡ ನಾಯಿಯನ್ನು ನೆಲದ ಮೇಲೆ ನಿಲ್ಲಿಸಿ ನೋಡುತ್ತಾರೆ. ಸಣ್ಣದಕ್ಕೆ ಜಡ್ಜ್ ಎಷ್ಟಂತ ಬಗ್ಗಬೇಕು? ಅದಕ್ಕೇ ಮೇಜು.

ಮಾತು ಮುಗಿಸಿ ಕಾಕಾ ಬುಂದಿಯನ್ನು ಮೇಜಿಗೆ ಕೇಳಿದರು. ಹುಡುಗಿ ಮುಂಗಾಲು ಎರಡನ್ನೂ ಹಿಡಿದು ನೆಟ್ಟಗೆ ಇಡಲು ನೋಡಿದಳು. ಬುಂದಿ ಕಾಲು ಎಳೆದುಕೊಂಡಿತು. ಇವಳು ಮತ್ತೆ ಎಳೆದಳು. ಅದು ಮತ್ತೆ.

"ಕಾಲು ಬಿಡವಾ ತಂಗಿ" ಅಂದರು ಕಾಕಾ. "ಎದಿ ಕೆಳಗ ಕೈ ಕೊಡು. ಇನ್ನೊಂದು ಕೈ ದವಡಿ ಕೆಳಗ. ತುಸು ಎತ್ತು, ಬೆರಳು ದಪ್ಪ ಅಷ್ಟ. ಈಗ ಸಾವಕಾಶ ಬಿಡು."

ಅವರ ಕೈಯಲ್ಲಿ ಬುಂದಿಯ ಮುಂಭಾಗ ಒಂದು ಕ್ಷಣ ಗಾಳಿಯಲ್ಲಿತ್ತು. ಕಾಲುಗಳು ತಾವಾಗಿ ಕೆಳಗೆ ಜೋತು ಬಿದ್ದು, ಮ್ಯಾಟಿಗೆ ತಾಗಿದಾಗ ಭುಜದ ನೇರಕ್ಕೆ ಕಂಬದ ಹಾಗೆ ನಿಂತಿದ್ದವು. ಹಿಂದಿನದಕ್ಕೂ ಹಾಗೇ, ಮೊಣಕಾಲಿನ ಮೇಲ್ಭಾಗ ಹಿಡಿದು ಒಂದಿಷ್ಟು ಹಿಂದಕ್ಕೆ. ಇದಕ್ಕೆ ಸ್ಟ್ಯಾಕ್ ಮಾಡುವುದು ಅನ್ನುತ್ತಾರೆ. ನೋಡಲು ಸುಲಭ. ಹುಡುಗಿಗೆ ಕೈ ಕೂಡಿಬರಲು ಮಧ್ಯಾಹ್ನವಾಯಿತು.

ಆಮೇಲೆ ಕಾಕಾ ಜಡ್ಜ್ ಆದರು. ಎದುರಿನಿಂದ ಬಂದರು, ಕೈ ಮೂಸಲು ಕೊಟ್ಟರು, ತಲೆ ಮುಟ್ಟಿದರು. ಹೆಬ್ಬೆರಳಿನಿಂದ ತುಟಿ ಸರಿಸಿ ಹಲ್ಲು ನೋಡಿದರು. ಪಗ್‌ಗೆ ಕೆಳದವಡೆ ತುಸು ಮುಂದಿರಬೇಕು, ಆದರೆ ಬಾಯಿ ಮುಚ್ಚಿದಾಗ ಹಲ್ಲಾಗಲಿ ನಾಲಿಗೆಯಾಗಲಿ ಹೊರಗೆ ಕಾಣಬಾರದು, ದವಡೆ ಸೊಟ್ಟ ಇರಬಾರದು. ಕಿವಿ ಮಡಚಿದರು, ಬೆನ್ನಿನುದ್ದಕ್ಕೂ ಹೋಗುವ ಕಪ್ಪು ಗೆರೆಯ ಮೇಲೆ ಬೆರಳು ಆಡಿಸಿದರು, ಬಾಲ ಬಿಚ್ಚಿ ಬಿಟ್ಟರು. ಅದು ಮತ್ತೆ ಸುತ್ತಿಕೊಂಡಿತು. ಎರಡು ಸುತ್ತು ಇದ್ದರೆ ಬಹಳ ಮೆಚ್ಚುತ್ತಾರಂತೆ. ಬುಂದಿಯದು ಒಂದೂವರೆ. ಕೊನೆಗೆ ಹಿಂಗಾಲಿನ ಮಂಡಿಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿ ನೋಡಿದರು. ಸಣ್ಣ ಜಾತಿಗಳಲ್ಲಿ ಆ ಚಿಪ್ಪು ಜಾಗ ಬಿಟ್ಟು ಸರಿಯುವ ತೊಂದರೆ ಜಾಸ್ತಿ. ನಡೆಯುತ್ತ ನಡೆಯುತ್ತ ನಾಯಿ ಒಂದು ಕಾಲು ಎತ್ತಿ ಎರಡು ಹೆಜ್ಜೆ ಕುಂಟಿ ಮತ್ತೆ ಸರಿಯಾದರೆ, ಮಾಲೀಕರು 'ಆಟ ಆಡ್ತೈತಿ' ಅಂದುಕೊಳ್ಳುತ್ತಾರೆ. ಆಟ ಅಲ್ಲ ಅದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಅವರು ನೋಡಿದ್ದು ಮೂಗು. ಅಂಗಳದಲ್ಲಿ ಚುರುಕಾಗಿ ನಡೆಸಿ ತಂದು, ಬಾಯಿ ಮುಚ್ಚಿದಾಗ ಸಪ್ಪಳ ಕೇಳಿದರು. ಹೊಳ್ಳೆ ತೆರೆದಿದೆಯೋ ಸೀಳಿನ ಹಾಗಿದೆಯೋ ನೋಡಿದರು. ಹೊಳ್ಳೆ ಇರುಕಾಗಿದ್ದರೆ, ಮೂಗಿನ ಮೇಲಿನ ಮಡಿಕೆ ದಪ್ಪವಾಗಿ ಮೂಗನ್ನೇ ಮುಚ್ಚುವಂತಿದ್ದರೆ ಅದನ್ನು ದೊಡ್ಡ ದೋಷವೆಂದೇ ಎಣಿಸಬೇಕು ಅಂತ ಪಗ್‌ನ ಸ್ಟ್ಯಾಂಡರ್ಡ್‌ನಲ್ಲೇ ಬರೆದಿದೆ. ಸ್ಟ್ಯಾಂಡರ್ಡ್ ಅಂದರೆ ಆ ಜಾತಿಯ ನಾಯಿ ಹೇಗಿರಬೇಕು ಅನ್ನುವ ಲಿಖಿತ ವಿವರ. ಪಗ್‌ಗೆ 6.3ರಿಂದ 8.1 ಕಿಲೋ ತೂಕ ಅನ್ನುವುದೂ ಅದರಲ್ಲೇ ಇದೆ. ಫೋನಿನಲ್ಲಿ ಗೊರಗೊರ ಸದ್ದು ಮಾಡುವ ಪಗ್ ವಿಡಿಯೋ ನೋಡಿ 'ಎಷ್ಟು ಕ್ಯೂಟ್' ಅನ್ನುವವರನ್ನು ಕಂಡರೆ ನನಗೆ ಈಗ ರೇಗುತ್ತದೆ. ಅದು ಉಸಿರಿಗೆ ಒದ್ದಾಡುತ್ತಿರುತ್ತದೆ. ಬುಂದಿಯ ಹೊಳ್ಳೆ ಚೆನ್ನಾಗಿ ತೆರೆದಿವೆ ಅಂತ ಕಾಕಾ ಹೇಳಿದಾಗ ಬಾಲದ ಅರ್ಧ ಸುತ್ತಿನ ಕೊರತೆ ಮರೆತೇ ಹೋಯಿತು.

"ನಾಯಿ ಚಂದ ಐತಿ. ಆದ್ರ ಒಂದು ಮಾತು. ನಿನ್ನ ಕೈ ಅದಕ್ಕ ಗೊತ್ತು, ಮನಿಯವರ ಕೈ ಗೊತ್ತು. ಜಡ್ಜ್ ಕೈ ಗೊತ್ತಿಲ್ಲ. ಇವತ್ತ ಸಂಜಿ ಒಳಗ ಗುರುತು ಇಲ್ದ ಹತ್ತು ಮಂದಿ ಕಡೆ ಮುಟ್ಟಿಸ್ಕೊಂಡು ಬಾ. ಯಾರೂ ಎತ್ತಿಕೊಳ್ಳೂದು ಬ್ಯಾಡ. ಮುಟ್ಟಬೇಕು, ಹೋಗಬೇಕು."

ಹತ್ತು ಅಪರಿಚಿತರು ಎಲ್ಲಿ ಸಿಗುತ್ತಾರೆ? ಧಾರವಾಡದಲ್ಲಿ ಅದೇನು ಕಷ್ಟ. ಲೈನ್ ಬಜಾರಿನ ಪೇಢೆ ಅಂಗಡಿ ಮುಂದೆ ಪಾಳಿ ಇದ್ದೇ ಇರುತ್ತದೆ. ಸಂಜೆ ಅಲ್ಲಿ ನಿಂತೆವು. ಹುಡುಗಿ ಬುಂದಿಯನ್ನು ಕಟ್ಟೆಯ ಮೇಲೆ ಸ್ಟ್ಯಾಕ್ ಮಾಡಿ ಹಿಡಿದಳು, ನಾನು ಪಾಳಿಯಲ್ಲಿದ್ದವರನ್ನು ಕೇಳಿದೆ: "ಸ್ವಲ್ಪ ತಲೆ ಮುಟ್ತೀರಾ? ಪ್ರಾಕ್ಟೀಸ್ ರೀ." ಒಬ್ಬ ಮಾಸ್ತರು ಕನ್ನಡಕ ಏರಿಸಿ ಹಲ್ಲನ್ನೂ ನೋಡಿದರು. ಎಂಜಿನಿಯರಿಂಗ್ ಹುಡುಗರು ಸೆಲ್ಫಿ ತಗೊಂಡರು. ಒಬ್ಬ ಅಜ್ಜಿ ಮುಟ್ಟಲು ಹೆದರಿ, ದೂರದಿಂದಲೇ ಕೈ ಮುಗಿದಳು. ಪೇಢೆ ಕೊಡಲು ಮಾತ್ರ ಯಾರಿಗೂ ಬಿಡಲಿಲ್ಲ. ಎಷ್ಟೋ ಜನರ ಪ್ರೀತಿ ಬೇಡ ಅನ್ನಬೇಕಾಯಿತು.

ಶನಿವಾರ, ಹುಬ್ಬಳ್ಳಿ

ಹೇಳುವಂಥದ್ದು ಕಡಿಮೆ. ಉಗುರು ಕತ್ತರಿಸಿದ್ದು, ಕಿವಿ ಒರೆಸಿದ್ದು, ಮುಖದ ಮಡಿಕೆಗಳೊಳಗೆ ಒದ್ದೆ ಹತ್ತಿಯಿಂದ ಸ್ವಚ್ಛ ಮಾಡಿ ಮತ್ತೆ ಒಣ ಹತ್ತಿಯಿಂದ ಒರೆಸಿದ್ದು. ತೇವ ಉಳಿದರೆ ಅಲ್ಲಿ ಹುಣ್ಣಾಗುತ್ತದೆ. ಪಗ್‌ನ ಅಲಂಕಾರ ಇಷ್ಟೇ. ಉದ್ದ ಕೂದಲಿನ ಜಾತಿ ತಗೊಂಡಿದ್ದರೆ ಈ ಶನಿವಾರ ಪೂರ್ತಿ ಬಚ್ಚಲಮನೆಯಲ್ಲೇ ಮುಗಿಯುತ್ತಿತ್ತು. ಹೊಸಬರು ಪಗ್‌ನಿಂದ ಶುರು ಮಾಡುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಮಧ್ಯಾಹ್ನ ಅಕ್ಕ ಗಿರಮಿಟ್ ಮಾಡಿದ್ದಳು, ಜೊತೆಗೆ ಮಿರ್ಚಿ. ತಿಂದು ಮಲಗಿದ್ದೆ. ಎದ್ದು ನೋಡಿದರೆ ಅಕ್ಕ ಮೇಜಿನ ಎದುರು ನಿಂತಿದ್ದಾಳೆ. ಮೇಜಿನ ಮೇಲೆ ಬುಂದಿ. ಅಕ್ಕ ಗಂಭೀರವಾಗಿ ಅದರ ತುಟಿ ಸರಿಸಿ ಹಲ್ಲು ನೋಡುತ್ತಿದ್ದಾಳೆ, ಹುಡುಗಿ "ಇನ್ನೊಂದು ಸಲ, ಅತ್ಯಾ" ಅನ್ನುತ್ತಿದ್ದಾಳೆ.

ಭಾನುವಾರ, ಷೋ

ಗೋಕುಲ ರಸ್ತೆ ಕಡೆಯ ಮೈದಾನ. ಶಾಮಿಯಾನ, ಹಗ್ಗ ಕಟ್ಟಿದ ರಿಂಗುಗಳು, ಸುಣ್ಣದ ಗೆರೆ, ಕರ್ಕಶ ಮೈಕು. ಗೇಟಿನಲ್ಲಿ ರೇಬಿಸ್ ಲಸಿಕೆಯ ಸರ್ಟಿಫಿಕೇಟ್ ನೋಡಿದರು, ಚಿಪ್ ಸ್ಕ್ಯಾನ್ ಮಾಡಿದರು. ಹುಡುಗಿಯ ತೋಳಿಗೆ ನಂಬರಿನ ಚೀಟಿ ಬಂತು.

ಬೆಂಗಳೂರು, ಪುಣೆ, ಬೆಳಗಾವಿ ಕಡೆಯ ಗಾಡಿಗಳು ರಾತ್ರಿಯೇ ಬಂದು ನಿಂತಿದ್ದವು. ದುಡ್ಡು ತಗೊಂಡು ಬೇರೆಯವರ ನಾಯಿ ತೋರಿಸುವ ಹ್ಯಾಂಡ್ಲರ್‌ಗಳು ಒಬ್ಬೊಬ್ಬರೂ ಹತ್ತು ಹನ್ನೆರಡು ಕ್ರೇಟ್ ಜೋಡಿಸಿಕೊಂಡು, ಜನರೇಟರ್‌ಗೆ ಫ್ಯಾನ್ ಹಾಕಿಕೊಂಡು ಕುಳಿತಿದ್ದರು. ಅವರ ಪಕ್ಕದಲ್ಲಿ ಬಾಗಲಕೋಟೆ ಕಡೆಯ ನಾಲ್ಕೈದು ರೈತರು, ತಲೆಗೆ ಬಿಳಿ ಟೋಪಿ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಮುಧೋಳ ನಾಯಿ. ಹೊಟ್ಟೆ ಬೆನ್ನಿಗೆ ಹತ್ತಿದ, ಉದ್ದ ಕಾಲಿನ, ಸುಮ್ಮನೆ ದೂರಕ್ಕೆ ನೋಡುವ ನಾಯಿಗಳು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಜಾತಿ. ಅವರಲ್ಲೊಬ್ಬರು ಬುಂದಿಯನ್ನು ನೋಡಿ, "ಇದು ಮೊಲ ಹಿಡಿತೈತೇನ್ರಿ?" ಅಂತ ಕೇಳಿದರು. ಮೊಲವೇ ಇದನ್ನು ಹಿಡಿಯುತ್ತದೆ ಅಂದೆ. ಆ ಮೇಲೆ ಇಬ್ಬರೂ ಚಹಾ ಕುಡಿದೆವು.

ನೋಡಲು ಬಂದ ಊರ ಜನರಿಗೆ ಇರುವುದು ಒಂದೇ ಪ್ರಶ್ನೆ: "ರೇಟ್ ಎಷ್ಟ್ರಿ?" ಉತ್ತರ ಕೊಡಲು ಪುರುಸೊತ್ತಿಲ್ಲ, ಯಾಕಂದರೆ ಆ ಗದ್ದಲದಲ್ಲಿ ಸಣ್ಣ ನಾಯಿ ಹಿಡಿದವರ ಕಣ್ಣು ಯಾವಾಗಲೂ ದೊಡ್ಡ ನಾಯಿಗಳ ಮೇಲಿರಬೇಕು. ಸಡಿಲ ಹಗ್ಗದ ರಾಟ್‌ವೀಲರ್ ಒಂದು ಪಕ್ಕದಲ್ಲೇ ಹಾದುಹೋದಾಗ ಹುಡುಗಿ ಬುಂದಿಯನ್ನು ತಟ್ಟನೆ ಎತ್ತಿಕೊಂಡಳು. ರಿಂಗಿನ ಹೊರಗೆ ತೊಡೆ, ತೋಳು ಎಲ್ಲ ಬೇಕು. ಒಳಗೆ ಬೇಡ.

ಕ್ಲಾಸ್‌ಗಳ ಲೆಕ್ಕ ಹೀಗೆ: ನಾಲ್ಕರಿಂದ ಆರು ತಿಂಗಳದವು ಮೈನರ್ ಪಪ್ಪಿ, ಆರರಿಂದ ಹನ್ನೆರಡರ ತನಕ ಪಪ್ಪಿ, ಆಮೇಲೆ ಉಳಿದವು. ಗಂಡು, ಹೆಣ್ಣು ಬೇರೆ ಬೇರೆ. ಗೆದ್ದವರಲ್ಲಿ ಗೆದ್ದದ್ದು ಆ ಜಾತಿಗೆ ಬೆಸ್ಟ್ ಆಫ್ ಬ್ರೀಡ್. ಆ ನಾಯಿ ಗುಂಪಿಗೆ ಹೋಗುತ್ತದೆ, ಗುಂಪು ಗೆದ್ದದ್ದು ಸಂಜೆಯ ಬೆಸ್ಟ್ ಇನ್ ಷೋಗೆ. ಚಾಂಪಿಯನ್ ಅನ್ನಿಸಿಕೊಳ್ಳುವ ದಾರಿ ಬೇರೆ. ಬೇರೆ ಬೇರೆ ಜಡ್ಜ್‌ಗಳ ಕೈಯಿಂದ ಚಾಲೆಂಜ್ ಸರ್ಟಿಫಿಕೇಟ್, ಇಲ್ಲಿಯ ಬಾಯಲ್ಲಿ ಸಿಸಿ, ಕೂಡಿಸಬೇಕು. ಒಬ್ಬ ಜಡ್ಜ್ ಮೆಚ್ಚಿದರೆ ಸಾಲದು ಅನ್ನುವ ಈ ನಿಯಮ ನನಗೆ ಬಹಳ ಹಿಡಿಸಿತು.

ಪಗ್ ರಿಂಗಿಗೆ ಕರೆ ಬರುವಷ್ಟರಲ್ಲಿ ಹನ್ನೆರಡು ದಾಟಿತ್ತು. ಶಾಮಿಯಾನದ ಕೆಳಗೂ ಸೆಖೆ. ಬುಂದಿಯ ಎದೆಗೆ, ಹೊಟ್ಟೆಗೆ ಒದ್ದೆ ಟವೆಲ್ ಹಿಡಿದುಕೊಂಡೇ ಕಾದೆವು. ಪಪ್ಪಿ ಹೆಣ್ಣು ಕ್ಲಾಸಿನಲ್ಲಿ ಮೂರೇ ಮೂರು. ಮೊದಲು ಎಲ್ಲವನ್ನೂ ಒಟ್ಟಿಗೆ ಒಂದು ಸುತ್ತು ಓಡಿಸಿದರು, ನಾಯಿ ಯಾವಾಗಲೂ ಎಡಗಡೆ, ಜಡ್ಜ್ ನಡುವೆ. ಆಮೇಲೆ ಒಂದೊಂದಾಗಿ ಮೇಜಿಗೆ.

ಜಡ್ಜ್ ಟೋಪಿ ಹಾಕಿದ್ದರು. ಅಗಲವಾದ ಅಂಚಿನ ಟೋಪಿ. ಪೇಢೆ ಅಂಗಡಿ ಪಾಳಿಯಲ್ಲಿ ಅಷ್ಟು ಜನ ಮುಟ್ಟಿದ್ದರೂ ಅವರಲ್ಲಿ ಇಂಥ ಟೋಪಿಯವರು ಒಬ್ಬರೂ ಇರಲಿಲ್ಲ. ಅವರು ಬಗ್ಗಿದ ಕೂಡಲೇ ಟೋಪಿಯ ನೆರಳು ಬುಂದಿಯ ಮೇಲೆ ಬಿತ್ತು. ಬುಂದಿ ಪಟಕ್ಕನೆ ಕುಳಿತೇಬಿಟ್ಟಿತು.

ಹಗ್ಗದ ಹೊರಗೆ ನಿಂತ ನನ್ನ ಕೈ ಬೆವರಿತು. ಹುಡುಗಿ ಗಡಿಬಿಡಿ ಮಾಡಲಿಲ್ಲ. ಎದೆಯ ಕೆಳಗೆ ಒಂದು ಕೈ, ದವಡೆ ಕೆಳಗೆ ಇನ್ನೊಂದು. ಬೆರಳಿನಷ್ಟು ಎತ್ತಿದಳು, ಬಿಟ್ಟಳು. ಹಿಂಗಾಲು ಸರಿಮಾಡಿದಳು. ಪನೀರ್ ಚೂರು ಮೂಗಿನ ಮುಂದೆ ತೋರಿಸಿದಳು, ಕೊಡಲಿಲ್ಲ. ಜಡ್ಜ್ ಅಷ್ಟು ಹೊತ್ತು ಸುಮ್ನೆ ಕಾದು, ಟೋಪಿ ತೆಗೆದು ರಿಂಗಿನ ಸಹಾಯಕ ಸ್ಟ್ಯೂವರ್ಡ್ ಕೈಗೆ ಕೊಟ್ಟು, ಮತ್ತೆ ಎದುರಿನಿಂದ ಬಂದರು. ಕೈ ಮೂಸಲು ಕೊಟ್ಟರು. ತಲೆ, ತುಟಿ, ಕಿವಿ, ಭುಜ, ಬೆನ್ನು, ಬಾಲ. ಬುಂದಿ ನಿಂತಿತು. ಒಂದು ನಿಮಿಷ ಕೂಡ ಆಗಿರಲಿಕ್ಕಿಲ್ಲ.

ನೆಲಕ್ಕಿಳಿಸಿ ತ್ರಿಕೋನದಲ್ಲಿ ನಡೆಸಲು ಹೇಳಿದರು. ಪಗ್ ನಡೆಯುವಾಗ ಹಿಂಭಾಗ ತುಸು ಹೊರಳಬೇಕು, ಅದು ಆ ಜಾತಿಯ ನಡಿಗೆ. ಬುಂದಿ ಹೊರಳುತ್ತ ಹೋಯಿತು, ಎರಡನೇ ಬದಿಯಲ್ಲಿ ಒಂದು ಎಲೆ ಮೂಸಿತು, ಮತ್ತೆ ಹೊರಟಿತು.

ಎರಡನೇ ಸ್ಥಾನ. ಮೊದಲ ಸ್ಥಾನ ಬೆಂಗಳೂರಿನ ಮರಿಗೆ. ಅದರ ಬಾಲ ಎರಡು ಸುತ್ತು, ನಿಂತದ್ದು ಕಲ್ಲಿನಲ್ಲಿ ಕಡೆದಂತೆ. ನನ್ನ ಕಣ್ಣಿಗೂ ಅದೇ ಮೇಲು ಅನ್ನಿಸಿತು. ಜಡ್ಜ್ ರಿಬ್ಬನ್ ಕೊಡುವಾಗ ಹುಡುಗಿಗೆ ಹೇಳಿದ್ದು, ನಿನ್ನ ನಾಯಿಯ ತಲೆ ಚೆನ್ನಾಗಿದೆ, ಉಸಿರಾಟ ಚೆನ್ನಾಗಿದೆ, ಎದೆ ಇನ್ನೂ ತುಂಬಬೇಕು, ವಯಸ್ಸಾಗಲಿ ಅಂತ.

ನಮ್ಮ ಕೆಲಸ ಮುಗಿದಿತ್ತು, ಆದರೂ ಸಂಜೆ ತನಕ ಉಳಿದೆವು. ಬುಂದಿಯನ್ನು ಅಕ್ಕ ಆಟೋದಲ್ಲಿ ಬಂದು ಮನೆಗೆ ಕರೆದೊಯ್ದಳು. ಹೊಸಬರಿಗೆ ನಾನು ಹೇಳುವುದಾದರೆ ಇದನ್ನೇ: ಮರಿ ತರುವ ಮೊದಲು ಒಂದು ಷೋದಲ್ಲಿ ಬರಿಗೈಯಲ್ಲಿ ಹಗ್ಗದ ಪಕ್ಕ ನಿಲ್ಲಿ. ಬೆಳಿಗ್ಗೆ ಎಲ್ಲ ಪಗ್‌ಗಳೂ ಒಂದೇ ಥರ ಕಾಣುತ್ತವೆ. ಮಧ್ಯಾಹ್ನದ ಹೊತ್ತಿಗೆ ಒಂದರ ಮೊಣಕೈ ಹೊರಗೆ ತಿರುಗಿದ್ದು, ಇನ್ನೊಂದರ ಬೆನ್ನು ತಗ್ಗಿದ್ದು ಕಾಣಲು ಶುರುವಾಗುತ್ತದೆ. ಒಂಬತ್ತನೇ ಗುಂಪಿನ ಫೈನಲ್ ಬಂದಾಗ ನಾನೂ ಹುಡುಗಿಯೂ ಜಡ್ಜ್‌ಗಿಂತ ಮೊದಲೇ ಆರಿಸಲು ಪಂಥ ಕಟ್ಟಿದೆವು. ಇಬ್ಬರೂ ಸೋತೆವು. ಗೆದ್ದದ್ದು ಒಂದು ಶಿಟ್ಸು, ನೆಲಕ್ಕೆ ತಾಗುವ ಕೂದಲು, ತಲೆಯ ಮೇಲೆ ಜುಟ್ಟು. ಅದನ್ನು ತೋರಿಸಿದ ಅಕ್ಕಾವರು ಗದಗಿನವರು. ಹುಡುಗಿ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದುದನ್ನು ಕಂಡು, "ಮನ್ಯಾಗ ಮರಿ ಅದಾವು. ನಾಳೆ ಬರ್ರಿ" ಅಂದರು.

ಸೋಮವಾರ, ಗದಗ

ಅಣ್ಣಿಗೇರಿ ದಾರಿ. ಎರಡೂ ಕಡೆ ಎರೆಭೂಮಿ, ಕಡಲೆ, ಜೋಳ. ಬುಂದಿ ನಿನ್ನೆಯ ದಣಿವಿಗೆ ಕ್ರೇಟಿನಲ್ಲಿ ಅಂಗಾತ ಮಲಗಿತ್ತು.

ಅಕ್ಕಾವರ ಮನೆಯಲ್ಲಿ ನಿನ್ನೆ ಗೆದ್ದ ನಾಯಿ ಬೇರೆಯದೇ ವೇಷದಲ್ಲಿತ್ತು. ಮೈಯ ಕೂದಲನ್ನೆಲ್ಲ ಭಾಗ ಭಾಗ ಮಾಡಿ, ಒಂದೊಂದನ್ನೂ ತೆಳು ಕಾಗದದಲ್ಲಿ ಸುತ್ತಿ, ಸಣ್ಣ ರಬ್ಬರ್ ಬ್ಯಾಂಡ್ ಹಾಕಿದ್ದರು. ಕೂದಲು ಮುರಿಯಬಾರದು ಅಂತ. ಪ್ರತಿ ಎರಡು ಮೂರು ದಿನಕ್ಕೆ ಅದನ್ನೆಲ್ಲ ಬಿಚ್ಚಿ, ಬಾಚಿ, ಮತ್ತೆ ಸುತ್ತಬೇಕು. ಒಣ ಕೂದಲಿಗೆ ಬ್ರಷ್ ಹಾಕಿದರೆ ತುಂಡಾಗುತ್ತದೆ, ಅದಕ್ಕೆ ಮೊದಲು ನೀರಿನ ಸ್ಪ್ರೇ. ಕಣ್ಣಿನ ಸುತ್ತ, ಗಡ್ಡ ದಿನಾ ಒರೆಸಬೇಕು. "ಷೋದಾಗ ಹತ್ತು ನಿಮಿಷ. ಮನ್ಯಾಗ ವರ್ಷ ಪೂರ್ತಿ" ಅಂದರು ನಗುತ್ತ. ಹುಡುಗಿಯ ಶಿಟ್ಸು ಆಸೆ ಅರ್ಧ ಅಲ್ಲೇ ಇಳಿಯಿತು.

ಮರಿಗಳು ಒಳಕೋಣೆಯಲ್ಲಿದ್ದವು, ಐದು ವಾರದವು. ಅಕ್ಕಾವರು ಒಂದನ್ನು ಎತ್ತಿ ಮೇಜಿನ ರಬ್ಬರ್ ಮ್ಯಾಟಿನ ಮೇಲೆ ಇಟ್ಟರು. ಒಂದು ಕೈ ಯಾವಾಗಲೂ ಮರಿಯ ಮೇಲೆ, ತುದಿಗೆ ಬಂದು ಬಿದ್ದರೆ ಕಡ್ಡಿಯಂಥ ಕಾಲು ಮುರಿಯುತ್ತದೆ. ಇನ್ನೊಂದು ಕೈಯಿಂದ ಗಲ್ಲ ಹಿಡಿದರು, ಕಿವಿ ಮುಟ್ಟಿದರು, ಪಂಜ ಒತ್ತಿದರು. ಮರಿ ಆಕ್ಷೇಪ ಮಾಡುವ ಮೊದಲೇ ಒಂದು ಹನಿ ಮೊಸರು ಬಾಯಿಗೆ. ದಿನಾ ಒಂದೊಂದಕ್ಕೆ ಒಂದು ನಿಮಿಷ. ಹಾಲು ಹಾಕುವವನು ಬಂದರೆ ಅವನ ಕೈಯಲ್ಲೂ ಮುಟ್ಟಿಸುತ್ತಾರಂತೆ, ಪೋಸ್ಟ್‌ಮನ್ ಕೈಯಲ್ಲೂ. ಬುಂದಿ ಏಳು ತಿಂಗಳಿಗೆ ಕಲಿತದ್ದನ್ನು ಇವು ಹಲ್ಲು ಬರುವ ಮೊದಲೇ ಕಲಿಯುತ್ತಿವೆ ಅಂದೆ. "ಹಲ್ಲು ಬಂದಾವ್ರಿ" ಅಂತ ತುಟಿ ಸರಿಸಿ ತೋರಿಸಿದರು. ಅಕ್ಕಿ ನುಚ್ಚಿನಂಥ ಹಾಲುಹಲ್ಲು.

ಇವುಗಳಲ್ಲಿ ಯಾವುದು ಷೋಗೆ ಆಗುತ್ತದೆ ಅಂತ ಹುಡುಗಿ ಕೇಳಿದಳು. ಈಗ ಹೇಳುವವರನ್ನು ನಂಬಬೇಡ ಅಂದರು. ನಾಲ್ಕರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಬಿದ್ದು ಹೊಸವು ಬರುವಾಗ ದವಡೆಯ ಕೂಡಿಕೆಯೇ ಬದಲಾಗಬಹುದು. ಗಂಡು ಮರಿಯಾದರೆ ಬೀಜ ಎರಡೂ ಇಳಿಯಬೇಕು. 'ಷೋ ಕ್ವಾಲಿಟಿ ಗ್ಯಾರಂಟಿ' ಅಂತ ಸಣ್ಣ ಮರಿಗೆ ದುಪ್ಪಟ್ಟು ಕೇಳುವವರು ಬೇಕಾದಷ್ಟಿದ್ದಾರೆ. ಅಪ್ಪ ಅಮ್ಮನನ್ನು ನೋಡು, ಆಗುವುದಾದರೆ ಅವುಗಳ ಹಿಂದಿನ ಸೂಲಿನ ಮರಿಗಳನ್ನು ನೋಡು, ಆಮೇಲೆ ನಿನ್ನ ನಸೀಬು.

ಎಂಟು ವಾರ ತುಂಬುವ ಮೊದಲು ಮರಿ ಕೊಡುವುದಿಲ್ಲ ಅಂತಲೂ ಹೇಳಿದರು. 2017ರ ಕೇಂದ್ರದ ನಿಯಮದಲ್ಲೂ ಹಾಗೇ ಇದೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು ಅನ್ನುವುದೂ ಅದರಲ್ಲೇ. ಅವರ ನೋಂದಣಿ ಪತ್ರ ಗೋಡೆಯ ಮೇಲೆ, ದೇವರ ಕ್ಯಾಲೆಂಡರಿನ ಪಕ್ಕ ಇತ್ತು.

ಹೊರಡುವಾಗ ಬುಂದಿಯನ್ನು ಮೇಜಿಗೆ ಕೇಳಿದರು. ಹುಡುಗಿ ಎತ್ತಿ ನಿಲ್ಲಿಸಿದಳು. ಅಕ್ಕಾವರು ಎದೆ ಮುಟ್ಟಿ ನೋಡಿ, ಜಡ್ಜ್ ಹೇಳಿದ್ದೇ ಹೇಳಿದರು. ತುಂಬಬೇಕು, ಆದರೆ ಊಟ ಜಾಸ್ತಿ ಮಾಡಿ ತುಂಬಿಸಬಾರದು. ಪಗ್ ಕೊಬ್ಬಿದರೆ ಉಸಿರು ಕಟ್ಟುತ್ತದೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಏರಿನ ಮೇಲೆ ನಡೆಸು ಅಂದರು. ಹಾವೇರಿಯಲ್ಲಿ ಏರು ಎಲ್ಲಿದೆ ಅಂತ ಯೋಚಿಸಿದೆವು. ರೈಲ್ವೆ ಮೇಲ್ಸೇತುವೆ ಆಗುತ್ತದೆ.

ಲಕ್ಷ್ಮೇಶ್ವರದ ಮೇಲೆ ಹಾದು ಸವಣೂರಿನಲ್ಲಿ ಖಾರಾ ಕಟ್ಟಿಸಿಕೊಂಡೆವು. ಹುಡುಗಿ ಅಷ್ಟರಲ್ಲಿ ಫೋನಿನಲ್ಲಿ ಫೆಬ್ರವರಿಯ ಷೋದ ಫಾರಂ ತೆಗೆದಿದ್ದಳು. ಆಗ ಬುಂದಿಗೆ ಒಂಬತ್ತು ತಿಂಗಳು, ಇನ್ನೂ ಪಪ್ಪಿ ಕ್ಲಾಸೇ. "ದೊಡ್ಡಪ್ಪಾ, ಚಿಪ್ ನಂಬರ್ ಓದು" ಅಂದಳು. ಗಾಡಿ ಬದಿಗೆ ಹಾಕಿ, ಸರ್ಟಿಫಿಕೇಟ್ ತೆಗೆದು ಓದಿದೆ. ಮನೆಯಿಂದ ತಮ್ಮನ ಫೋನ್ ಬರುತ್ತಿತ್ತು, ಅವಳು ಕಟ್ ಮಾಡಿ ಫಾರಂ ಮುಗಿಸಿದಳು. ಬರುವಾಗ ಒಂದು ಅಗಲ ಅಂಚಿನ ಟೋಪಿ ಕೊಳ್ಳಬೇಕು ಅಂತಲೂ ಹೇಳಿದಳು. ಸವಣೂರಿನ ಪೇಟೆಯಲ್ಲಿ ಎರಡು ಅಂಗಡಿ ತಿರುಗಿದೆವು, ಸಿಗಲಿಲ್ಲ.